ವಲಸೆ ಬಂದ ದೇವರ ಊರಿನಲ್ಲಿ

ಅಂಕೋಲೆಯ ಪೇಟೆಯನ್ನು ಬೆನ್ನಿಗೆ ಹಾಕಿ ಪಡುವಣಕ್ಕೆ ನಡೆದರೆ ತೆಂಗಿನ ತೋಟಗಳ ಸಂದಿಯಿಂದ ಮೊದಲು ಒಣಮೀನಿನ ವಾಸನೆಯೂ, ಆಮೇಲೆ ಅಲೆಗಳ ಮೊರೆತವೂ, ಕಟ್ಟಕಡೆಗೆ ಕಡಲೂ ಎದುರಾಗುತ್ತವೆ. ಇದೇ ಕೇಣಿ. ಪ್ರವಾಸಿಗಳು ಹೊಗಳುವ ಊರಲ್ಲ. ಗೋಕರ್ಣಕ್ಕೆ ಹೋಗುವವರು ಇದರ ಹೆಸರನ್ನು ಕೇಳದೆಯೇ ಹೆದ್ದಾರಿಯಲ್ಲಿ ದಾಟಿಹೋಗುತ್ತಾರೆ. ಮರಳಿನ ಮೇಲೆ ಮಗುಚಿಟ್ಟ ದೋಣಿಗಳು, ಬಲೆಯ ಹರಕನ್ನು ಹೊಲಿಯುತ್ತ ಕುಳಿತ ಗಂಡಸರು, ಬುಟ್ಟಿ ಹೊತ್ತು ಪೇಟೆಯ ಕಡೆಗೆ ಓಡುನಡಿಗೆಯಲ್ಲಿ ಸಾಗುವ ಹೆಂಗಸರು — ಇಷ್ಟೇ ಇಲ್ಲಿನ ನೋಟ. ಬಯಲುಸೀಮೆಯಲ್ಲಿ ಹುಟ್ಟಿ, ಉಪನ್ಯಾಸಕ ವೃತ್ತಿಯ ನೆಪದಲ್ಲಿ ಈ ಕರಾವಳಿಗೆ ಬಂದು ಬಿದ್ದ ನನಗೆ ಈ ದಂಡೆಯೇ ಸಂಜೆಯ ಸಂಗಾತಿಯಾಯಿತು.

ಬಂದ ಹೊಸತರಲ್ಲಿ ನಡೆದ ಮಾತು. ನನ್ನ ವಿದ್ಯಾರ್ಥಿಯೊಬ್ಬನ ಮನೆ ಕೇಣಿಯಲ್ಲಿದೆ. ಅವನ ಅಜ್ಜಿ ಜಗಲಿಯ ಮೇಲೆ ಸೀಗಡಿ ಆರಿಸುತ್ತ ಕುಳಿತಿದ್ದವರು, ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಯಾವೂರು ಮಾಸ್ತರೇ?" ಎಂದು ಕೇಳಿದರು. ಹೇಳಿದೆ. "ಅದು ನಿಮ್ಮ ಊರಾಯ್ತು. ನಿಮ್ಮ ದೇವರದು ಯಾವೂರು?"

ನಾನು ತಬ್ಬಿಬ್ಬಾದೆ. ದೇವರಿಗೂ ಊರೆಂಬುದು ಉಂಟೆ? ನಮ್ಮ ಕಡೆ ಊರಿಗೊಬ್ಬ ಹನುಮಪ್ಪ, ಊರಿಗೊಬ್ಬ ದ್ಯಾಮವ್ವ; ಅವರವರು ಅಲ್ಲಲ್ಲಿಯೇ ಇರುತ್ತಾರೆ. ಆದರೆ ಈ ಕರಾವಳಿಯಲ್ಲಿ ಮನುಷ್ಯನಿಗೆ ಎರಡು ವಿಳಾಸಗಳಿವೆ. ಒಂದು ಅವನು ವಾಸವಾಗಿರುವ ಊರು. ಇನ್ನೊಂದು ಅವನ ಕುಲದೇವತೆ ನೆಲೆಸಿರುವ ಊರು. ಈ ಎರಡನೆಯದೇ ಹೆಚ್ಚು ಖಚಿತವಾದ ವಿಳಾಸವೆಂದು ಇಲ್ಲಿನವರ ಎಣಿಕೆ. ಮನೆ ಮಾರಿಹೋಗಬಹುದು, ಮಗ ಮುಂಬಯಿಗೆ ಹೋಗಬಹುದು. ಕುಲದೇವರ ಊರು ಮಾತ್ರ ಬದಲಾಗದು. ಇನ್ನೂ ವಿಚಿತ್ರವಾದ ಸಂಗತಿ ನನಗೆ ತಿಳಿದದ್ದು ಆಮೇಲೆ. ಅಂಕೋಲೆಯ ಕೆಲವು ದೇವರುಗಳೇ ಇಲ್ಲಿಯವರಲ್ಲ. ಅವರೂ ಮನುಷ್ಯರಂತೆಯೇ ಮನೆ ಬಿಟ್ಟು, ಗಡಿ ದಾಟಿ, ಇಲ್ಲಿಗೆ ಬಂದು ಆಶ್ರಯ ಪಡೆದವರು.

ಪೇಟೆಯಲ್ಲಿ ಆರ್ಯಾದುರ್ಗೆಯ ಗುಡಿಯಿದೆ. ಈ ದೇವಿಯ ಮೂಲಸ್ಥಾನ ಅಂಕೋಲೆಯಲ್ಲ, ಕಾರವಾರದ ಬಿಣಗಾದ ಎದುರಿಗೆ ಸಮುದ್ರದಲ್ಲಿ ಬೆನ್ನು ತೋರಿಸಿ ಮಲಗಿರುವ ಅಂಜದೀವ ನಡುಗಡ್ಡೆ ಎಂಬುದು ಭಕ್ತರೆಲ್ಲರ ನಂಬಿಕೆ. ಅಜಾದುರ್ಗೆಯ ದ್ವೀಪವೇ ಜನರ ಬಾಯಲ್ಲಿ ಅಂಜದೀವವಾಯಿತೆಂದು ಹೆಸರಿಗೂ ನಿಷ್ಪತ್ತಿ ಹೇಳುತ್ತಾರೆ. ಪರದೇಶಿಗಳ ಹಾವಳಿಗೆ ಅಂಜಿ ದೇವಿಯನ್ನು ಭಕ್ತರು ದೋಣಿಯಲ್ಲಿ ತಂದು ಇಲ್ಲಿ ಪ್ರತಿಷ್ಠಾಪಿಸಿದರಂತೆ. ಕೇಣಿಯ ದಂಡೆಯಲ್ಲಿ ನಿಂತು ನಾನು ಎಷ್ಟೋ ಸಂಜೆ ಬಡಗಣಕ್ಕೆ ಮುಖ ಮಾಡಿ ಆ ದೋಣಿಯನ್ನು ಕಲ್ಪಿಸಿಕೊಳ್ಳಲು ಯತ್ನಿಸಿದ್ದೇನೆ. ಮುಂದೆ ಚಾಚಿದ ಗುಡ್ಡಗಳ ಮರೆಯಲ್ಲಿ ದ್ವೀಪವಿದೆ. ಬಟ್ಟೆಯಲ್ಲಿ ಸುತ್ತಿದ ಶಿಲೆಯೊಂದನ್ನು ನಡುವೆ ಇಟ್ಟುಕೊಂಡು ಇರುಳಿನಲ್ಲಿ ಹುಟ್ಟು ಹಾಕಿದ ಕೈಗಳು ಯಾರವೋ! ಅರ್ಚಕರ ಹೆಸರು ಪರಂಪರೆಯಲ್ಲಿ ಉಳಿಯುತ್ತದೆ, ಅಂಬಿಗನ ಹೆಸರು ಉಳಿಯುವುದಿಲ್ಲ.

ಇತಿಹಾಸ ಈ ಕಥೆಗೆ ಒಂದು ತೊಡಕನ್ನು ತಂದಿಡುತ್ತದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ವಾಸ್ಕೊ ಡ ಗಾಮನ ಹಡಗುಗಳು 1498ರಲ್ಲಿ ಊರಿಗೆ ಮರಳುವಾಗ ಅಂಜದೀವದಲ್ಲಿ ತಂಗಿದ್ದವು. ಆ ಯಾತ್ರೆಯ ದಿನಚರಿಯನ್ನು ಬರೆದಿಟ್ಟವನು, ದ್ವೀಪದಲ್ಲಿ ದೊಡ್ಡ ಕಲ್ಲಿನ ಕಟ್ಟಡವೊಂದು ಆಗಲೇ ಹಾಳುಬಿದ್ದಿದ್ದುದನ್ನೂ, ಹುಲ್ಲು ಹೊದಿಸಿದ ಒಂದು ಗರ್ಭಗೃಹ ಮಾತ್ರ ಉಳಿದಿದ್ದುದನ್ನೂ, ಅದರೊಳಗೆ ಮೂರು ಕರಿಯ ಕಲ್ಲುಗಳಿಗೆ ಜನ ಪೂಜೆ ಸಲ್ಲಿಸುತ್ತಿದ್ದುದನ್ನೂ, ಪಕ್ಕದಲ್ಲಿ ಕಲ್ಲು ಕಟ್ಟಿದ ಕೊಳವಿದ್ದುದನ್ನೂ ದಾಖಲಿಸಿದ್ದಾನೆ. ಪಾಪ, ಅವನು ಅದನ್ನು ಇಗರ್ಜಿಯೆಂದೇ ಬಗೆದ! ಎಂದರೆ ಪೋರ್ತುಗೀಜರು ಕಾಲಿಡುವ ಮೊದಲೇ ಆ ದೇಗುಲಕ್ಕೆ ಒಂದು ಕೇಡು ಬಂದುಹೋಗಿತ್ತು. ಮುರಿದ ಗುಡಿಗೆ ಹುಲ್ಲು ಹೊದಿಸಿ ಪೂಜೆ ನಡೆಸಿದ್ದ ಆ ಜನ, 1505ರಲ್ಲಿ ಅಲ್ಮೇಡನು ದ್ವೀಪದ ಮೇಲೆ ಕೋಟೆ ಕಟ್ಟತೊಡಗಿದಾಗ ಇನ್ನು ಉಳಿಗಾಲವಿಲ್ಲವೆಂದು ಹೊರಟಿರಬೇಕೆಂದು ನನ್ನ ಊಹೆ. ಊಹೆಯಷ್ಟೇ. ಒಂದೇ ಪೆಟ್ಟಿಗೆ ಯಾರೂ ಊರು ಬಿಡುವುದಿಲ್ಲ; ಎರಡನೆಯ ಪೆಟ್ಟಿಗೆ ಬಿಡುತ್ತಾರೆ.

ಆರ್ಯಾದುರ್ಗೆ ಒಬ್ಬಳೇ ಅಲ್ಲ. ಅಂಕೋಲೆಯ ಲಕ್ಷ್ಮೀನಾರಾಯಣ ಮಹಾಮಾಯೆಯರೂ ಗೋವೆಯಿಂದ ಬಂದವರೆಂದೇ ಸ್ಥಳಪುರಾಣ ಹೇಳುತ್ತದೆ. ಇವರೆಲ್ಲ ಏಕೆ ಹೊರಟರೆಂಬುದನ್ನು ತಿಳಿಯಬೇಕಾದರೆ ಗೋವೆಯ ಹದಿನಾರನೆಯ ಶತಮಾನವನ್ನು ಸ್ವಲ್ಪ ಕಾಣಬೇಕು. 1510ರಲ್ಲಿ ತಿಸವಾಡಿ ಪೋರ್ತುಗೀಜರ ವಶವಾಯಿತು. 1543ರಲ್ಲಿ ಬಾರ್ದೇಶ, ಸಾಷ್ಟಿಗಳು ಸೇರಿದವು. 1540ರ ಹೊತ್ತಿಗೆ ತಿಸವಾಡಿಯ ಗುಡಿಗಳು ನೆಲಕ್ಕುರುಳಿದವು. 1566-67ರಲ್ಲಿ ಸಾಷ್ಟಿಯ ಸರದಿ. 1560ರಲ್ಲಿ ಧರ್ಮವಿಚಾರಣೆಯ ನ್ಯಾಯಪೀಠ ಗೋವೆಯಲ್ಲಿ ಸ್ಥಾಪಿತವಾಗಿ, ನಡುವೆ ಕೆಲವು ವರ್ಷ ಬಿಟ್ಟರೆ, 1812ರವರೆಗೂ ನಡೆಯಿತು. ಮಂಗೇಶನು 1560ರಲ್ಲಿ ಕುಶಸ್ಥಳಿಯಿಂದ ಹೊಳೆ ದಾಟಿ ಪ್ರಿಯೋಳಕ್ಕೆ ಹೋದ. ಶಾಂತಾದುರ್ಗೆ 1566ರಲ್ಲಿ ಕೆಳಶಿಯಿಂದ ಕವಳೆಗೆ ಹೋದಳು. ಈ ಪ್ರಿಯೋಳ, ಕವಳೆಗಳಿರುವ ಫೋಂಡಾ ಆಗ ಯಾರ ಆಳ್ವಿಕೆಯಲ್ಲಿತ್ತು? ಬಿಜಾಪುರದ ಆದಿಲಶಾಹಿಯ ಆಳ್ವಿಕೆಯಲ್ಲಿ. ಶಿವನಿಗೂ ಶಕ್ತಿಗೂ ತಲೆಮರೆಸಿಕೊಳ್ಳಲು ಸುಲ್ತಾನನ ಸೀಮೆ ದೊರಕಿತೆಂಬುದನ್ನು ಇಂದಿನ ವಾದವಿವಾದಗಳ ಗದ್ದಲದಲ್ಲಿ ನಾವು ನೆನೆಯುವುದಿಲ್ಲ.

ಗಡಿ ದಾಟಿ ಇನ್ನೂ ತೆಂಕಣಕ್ಕೆ ಇಳಿದವರು ಕಾಳೀನದಿಯನ್ನೂ ಗಂಗಾವಳಿಯನ್ನೂ ದಾಟಿ ಬಂದರು. ಆಗ ಈ ಕಡಲಂಚಿನಲ್ಲಿ ಹೆಸರಾಗಿದ್ದವಳು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ. ಮೆಣಸಿನ ವ್ಯಾಪಾರದಿಂದ ಪೋರ್ತುಗೀಜರಿಗೆ ತಲೆನೋವಾಗಿದ್ದ ಈಕೆ 1552ರಿಂದ 1606ರವರೆಗೆ ಆಳಿದಳು. ಗೋವೆಯಿಂದ ಓಡಿಬಂದ ಸಾರಸ್ವತರಿಗೂ ಇತರ ಕೊಂಕಣಿಗರಿಗೂ ನೆಲೆ ಕೊಟ್ಟ ಕೀರ್ತಿ ಅವಳದು. ಅವಳು ಜೈನಳು, ಬಂದವರು ಜೈನರಲ್ಲ. ಅವಳ ಮನಸ್ಸಿನಲ್ಲಿ ಬರಿಯ ಕರುಣೆಯೇ ಇತ್ತೆಂದು ನಾನು ಹೇಳಲಾರೆ. ಲೆಕ್ಕಪತ್ರ ಬಲ್ಲ, ಹಡಗಿನ ವ್ಯಾಪಾರ ಬಲ್ಲ ಜನ ತಾವಾಗಿ ಬಂದರೆ ಯಾವ ಅರಸು ಬಾಗಿಲು ಹಾಕುತ್ತಾನೆ? ಆದರೂ ಬಾಗಿಲು ತೆರೆದವಳು ಅವಳು. ಗೇರುಸೊಪ್ಪೆಯ ಕಾಡಿನಲ್ಲಿ ನಿಂತಿರುವ ಚತುರ್ಮುಖ ಬಸದಿಯನ್ನು ಕಂಡಾಗಲೆಲ್ಲ ನನಗೆ, ನಾಲ್ಕು ದಿಕ್ಕಿಗೂ ಬಾಗಿಲಿರುವ ಕಟ್ಟಡ ಅವಳ ರಾಜಧಾನಿಗೆ ಒಪ್ಪುವಂಥದೇ ಎನ್ನಿಸುತ್ತದೆ.

ಅರಸು ನೆಲ ಕೊಡಬಹುದು. ಆದರೆ ಬಂದವನು ಯಾರು, ಅವನ ಸಾಕ್ಷಿ ಯಾರು, ಅವನ ಮಾತಿಗೆ ಹೊಣೆ ಯಾರು? ಇಂದಿನ ನಿರಾಶ್ರಿತನಿಗೆ ಚೀಟಿ, ಮೊಹರು, ಭಾವಚಿತ್ರಗಳು ಬೇಕು. ಅಂದಿನವನಿಗೆ ಬೇಕಾದದ್ದು ದೇವರು ಮತ್ತು ಗುರು. ಇದಕ್ಕೆ ಸೊಗಸಾದ ನಿದರ್ಶನವೊಂದು ಗಂಗಾವಳಿಯ ಆಚೆ ದಡದ ಗೋಕರ್ಣದಲ್ಲಿದೆ. ಗೋವೆಯಿಂದ ಬಂದು ಕೆಳದಿಯ ಅರಸರ ಕೈಕೆಳಗೆ ಕರಣಿಕ ಕೆಲಸ ಮಾಡಿಕೊಂಡಿದ್ದ ಸಾರಸ್ವತರ ಒಂದು ಪಂಗಡಕ್ಕೆ, 'ನಿಮಗೆ ಗುರುವಿಲ್ಲ, ಆದ್ದರಿಂದ ನಿಮಗೆ ಮಾನ್ಯತೆಯಿಲ್ಲ' ಎಂಬ ಸಂಕಟ ಬಂದಿತಂತೆ. ಕಲಿತವರು, ಉಳ್ಳವರು, ಅರಮನೆಯ ಓಲೆಗಳನ್ನೇ ಬರೆಯುವವರು. ಆದರೆ ತಮ್ಮ ಬಗೆಗೆ ಒಂದು ಓಲೆ ಬರೆದುಕೊಡುವವರಿಲ್ಲ! ಅವರು ಗೋಕರ್ಣದಲ್ಲಿ ಮಹಾಬಲೇಶ್ವರನ ಮುಂದೆ ಕುಳಿತರು. ಉತ್ತರದಿಂದ ಬಂದ ಸನ್ಯಾಸಿಯೊಬ್ಬರು ಅವರಿಗೆ ಗುರುವಾದರು. ಅವರೇ ಪರಿಜ್ಞಾನಾಶ್ರಮರು, ವರ್ಷ 1708. ಇಂದು ಶಿರಾಲಿಯಲ್ಲಿರುವ ಚಿತ್ರಾಪುರ ಮಠದ ಪರಂಪರೆ ಆರಂಭವಾದದ್ದು ಹೀಗೆ. ವಲಸೆ ಬಂದ ಜನ ಮಠವನ್ನು ಕಟ್ಟಿದರೆನ್ನುವುದಕ್ಕಿಂತ ಮಠವೇ ವಲಸೆ ಬಂದವರನ್ನು ಒಂದು ಜನವಾಗಿ ಕಟ್ಟಿತೆನ್ನುವುದು ಹೆಚ್ಚು ಸರಿ.

ಕುಲದೇವಸ್ಥಾನದ ಕೆಲಸವೂ ಇಂಥದೇ. ಮಹಾಮಾಯೆಯ ಉತ್ಸವದ ದಿನ ಅಂಕೋಲೆಯ ಪೇಟೆಯಲ್ಲಿ ನಿಂತು ನೋಡಬೇಕು. ಕುಮಟೆಯಿಂದ, ಮಂಗಳೂರಿನಿಂದ, ಮುಂಬಯಿಯಿಂದ ಕುಳಾವಿಗಳು ಬಂದು ಇಳಿಯುತ್ತಾರೆ. ಒಬ್ಬರ ಮೋರೆ ಒಬ್ಬರಿಗೆ ತಿಳಿಯದು. ಪ್ರಸಾದದ ಪಂಕ್ತಿಯಲ್ಲಿ ಕುಳಿತು ಗೋತ್ರ, ಅಜ್ಜನ ಹೆಸರು, ಬಿಟ್ಟುಬಂದ ಊರು ಎಂದು ಮಾತು ತೆಗೆದರೆ ಏಳುವ ಹೊತ್ತಿಗೆ ನಂಟರಾಗಿರುತ್ತಾರೆ. ಹೆಣ್ಣು ಗಂಡು ನಿಶ್ಚಯವಾಗುವುದೂ ಅಲ್ಲೇ, ಬಡ ಹುಡುಗನ ಓದಿಗೆ ಹಣ ಕೂಡುವುದೂ ಅಲ್ಲೇ. ನಾಲ್ಕೂವರೆ ಶತಮಾನಗಳ ಹಿಂದೆ ಚದುರಿದ ಒಂದು ಗುಂಪು ವರ್ಷಕ್ಕೊಮ್ಮೆ ತನ್ನ ತಲೆಗಳನ್ನು ಎಣಿಸಿಕೊಳ್ಳುತ್ತದೆ.

ಆದರೆ ನನ್ನ ವಿದ್ಯಾರ್ಥಿ, ಆ ಕೇಣಿಯ ಹುಡುಗ, ಒಂದು ದಿನ ತರಗತಿ ಮುಗಿದ ಮೇಲೆ ಕೇಳಿದ: "ಸರ್, ಪಂಕ್ತಿಯಲ್ಲಿ ಕೂರುವ ಹಕ್ಕಿಲ್ಲದವರು ಆಗ ಓಡಿಬಂದಿದ್ದರೆ?" ನಾನು ಸಿದ್ಧ ಉತ್ತರವಿಲ್ಲದೆ ಡಸ್ಟರನ್ನು ಕೈಯಲ್ಲಿ ಹಿಡಿದೇ ನಿಂತೆ. ಖಾರ್ವಿಗಳೂ ಗೋವೆಯಿಂದ ಬಂದವರೆಂಬ ಹೇಳಿಕೆ ಉಂಟು. ಅವರಿಗೆ ಕಡಲೇ ನೆಲವಾದ್ದರಿಂದ ಹೇಗೋ ಬದುಕಿಕೊಂಡರು. ಆದರೆ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಧರ್ಮ ತನ್ನವರಿಗೆ ನೆರಳಾಗುವುದು ದೊಡ್ಡದೇ. ತನ್ನವನಲ್ಲದವನಿಗೆ ನೆರಳಾಗುವುದು ಅದಕ್ಕಿಂತ ಅಪರೂಪವಾದದ್ದು. ಆ ಹುಡುಗನ ಪ್ರಶ್ನೆಯನ್ನು ಹಿಡಿದೇ ನಾನು ಈ ಜಿಲ್ಲೆಯನ್ನು ಮತ್ತೊಮ್ಮೆ ನೋಡಲು ಹೊರಟೆ.

ಮೊದಲು ಅದೇ ಅಂಜದೀವ. ದೇವಿಯನ್ನು ಹೊರಡಿಸಿದ ದ್ವೀಪ ಮುಂದೆ ಏನಾಯಿತೆಂಬುದು ಕಥೆಯ ಎರಡನೆಯ ಅರ್ಧ. ಪೋರ್ತುಗೀಜರು ಮೊದಲ ಕೋಟೆಯನ್ನು ತಾವೇ ಕೆಡವಿ ಹೋದರು. 1660ರ ದಶಕದಲ್ಲಿ ಮುಂಬಯಿಯನ್ನು ವಹಿಸಿಕೊಳ್ಳಲು ಬಂದ ಆಂಗ್ಲರ ಸುಮಾರು 400 ಸೈನಿಕರು, ಪೋರ್ತುಗೀಜ್ ಅಧಿಕಾರಿಗಳು ಬಾಗಿಲು ತೆರೆಯದೆ ಹೋದದ್ದರಿಂದ, ಈ ದ್ವೀಪದಲ್ಲಿ ಕಾದು ಕುಳಿತು ಬಹುಪಾಲು ಮಂದಿ ರೋಗದಿಂದ ಸತ್ತರು. 1682ರಲ್ಲಿ ಪೋರ್ತುಗೀಜರು ಮತ್ತೆ ಬಂದು ಕೋಟೆ ಕಟ್ಟಿದರು. ಬ್ರೋತಸ್ ಮಾತೆಯ ಇಗರ್ಜಿಯೂ ಅಲ್ಲಿತ್ತು. ಇನ್ನು ಕೇಳಿ: ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಮೈಸೂರಿನ ಸೇನೆ ಬಿದನೂರು, ಸೋದೆ, ಮಂಗಳೂರುಗಳ ಮೇಲೆ ಬಂದಾಗ, ಕರಾವಳಿಯ ಕ್ರೈಸ್ತರು ಪ್ರಾಣ ಉಳಿಸಿಕೊಳ್ಳಲು ಓಡಿದ್ದು ಇದೇ ಅಂಜದೀವಕ್ಕೆ. ಅವರೊಡನೆ ಹಿಂದೂಗಳೂ ಓಡಿಹೋಗಿ ಆ ಕೋಟೆಯೊಳಗೆ ಆಶ್ರಯ ಪಡೆದರು. ಯಾವ ಕಲ್ಲಿನ ಕೋಟೆಗೆ ಅಂಜಿ ದೇವಿ ಈಚೆಗೆ ಬಂದಳೋ ಅದೇ ದ್ವೀಪದ ಕೋಟೆಗೆ ಅವಳ ಭಕ್ತರ ಸೀಮೆಯವರು ಆಚೆಗೆ ಹೋದರು!

ಆ ಕ್ರೈಸ್ತರಾದರೂ ಕೆನರಾಕ್ಕೆ ಬಂದದ್ದು ಹೇಗೆ? ಅವರೂ ಗೋವೆಯನ್ನು ಬಿಟ್ಟುಬಂದವರೇ. ತೆರಿಗೆ, ಕ್ಷಾಮ, ಯುದ್ಧ, ಧರ್ಮವಿಚಾರಣೆಯ ಭಯ — ಮತಾಂತರಗೊಂಡವನಿಗೂ ನೆಮ್ಮದಿಯಿರಲಿಲ್ಲ. ಮನೆಯಂಗಳದಲ್ಲಿ ತುಳಸಿ ಉಳಿದಿದ್ದರೂ ಅನುಮಾನ. ಅವರು ತೆಂಕಣಕ್ಕೆ ಬಂದಾಗ ಬೇಸಾಯದಲ್ಲಿ ನುರಿತವರೆಂದು ಕೆಳದಿಯ ಅರಸರು ನೆಲ ಕೊಟ್ಟರು. ವೀರಶೈವ ಅರಸರ ಗದ್ದೆಯಲ್ಲಿ ಕ್ರೈಸ್ತ ರೈತ. ಈ ಜನರಿಗೆ ಗುರುಗಳಿಲ್ಲದ ಕಾಲದಲ್ಲಿ, 1681ರಿಂದ 1684ರವರೆಗೆ, ಗೋವೆಯ ಪಾದ್ರಿ ಜೋಸೆಫ್ ವಾಜ್ ಕರಾವಳಿಯಲ್ಲಿ ಬರಿಗಾಲಲ್ಲಿ ತಿರುಗಿದರು. ಅವರೇ ಮುಂದೆ ಸಿಂಹಳಕ್ಕೆ ಹೋಗಿ, ಡಚ್ಚರ ಕಿರುಕುಳಕ್ಕೆ ಸಿಕ್ಕಿದ ಕ್ಯಾಥೊಲಿಕರ ಜೊತೆಗೆ ಕ್ಯಾಂಡಿಯ ಬೌದ್ಧ ಅರಸನ ನೆರಳಿನಲ್ಲಿ ಬದುಕಿದರು; 2015ರಲ್ಲಿ ರೋಮಿನ ಧರ್ಮಪೀಠ ಅವರನ್ನು ಸಂತರೆಂದು ಸಾರಿತು.

ಇನ್ನೊಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ. ಹೈದರಾಲಿ 1763-64ರಲ್ಲಿ ಸೋದೆಯನ್ನು ಹಿಡಿದಾಗ ಅಲ್ಲಿನ ಅರಸ ಇಮ್ಮಡಿ ಸದಾಶಿವ ಎಲ್ಲಿಗೆ ಓಡಿದ? ಗೋವೆಗೆ. ಪೋರ್ತುಗೀಜರ ಆಶ್ರಿತನಾಗಿ ಫೋಂಡಾದ ಬಾಂದಿವಡೆಯಲ್ಲಿ ಅರಮನೆ ಮಾಡಿಕೊಂಡ. ಗೋವೆಯಲ್ಲಿ ಆಗಿನ್ನೂ ಧರ್ಮವಿಚಾರಣೆಯ ಪೀಠ ಇದ್ದೇ ಇತ್ತು! ಎರಡು ನೂರು ವರ್ಷಗಳ ಹಿಂದೆ ದೇವರುಗಳು ಅಡಗಿಕೊಂಡ ಅದೇ ಫೋಂಡಾದಲ್ಲಿ ಈಗ ದೇವರ ಭಕ್ತನಾದ ಅರಸನೊಬ್ಬ ಅಡಗಿದ. ಆಶ್ರಯ ಕೊಟ್ಟವನ ಮೊಮ್ಮಗ ಆಶ್ರಯ ಬೇಡುವುದು ಈ ಕರಾವಳಿಯಲ್ಲಿ ಹೊಸತೇನಲ್ಲ.

ಯಾವ ಗುಡಿಯೂ ಯಾವ ಇಗರ್ಜಿಯೂ ಎದುರುಗೊಳ್ಳದವರೂ ಗೋವೆಯಿಂದ ಬಂದರು. ಅವರ ಕಥೆಗೆ ದಿನಾಂಕಗಳಿಲ್ಲ. ಪೋರ್ತುಗೀಜರು ಆಫ್ರಿಕದಿಂದ ಗುಲಾಮರನ್ನು ತಂದು ಮಾರುತ್ತಿದ್ದರು. ಅವರಲ್ಲಿ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲೆಯ ಮೇಲ್ಭಾಗದ ಹಳ್ಳಿಗಳಲ್ಲಿರುವ ಸಿದ್ದಿಯರು ಅವರ ಸಂತತಿ. ಅವರಿಗಾಗಿ ದೇವರನ್ನು ಹೊತ್ತು ತಂದ ದೋಣಿ ಇರಲಿಲ್ಲ. ಯಾರ ನೆರೆಯಲ್ಲಿ ಇದ್ದರೋ ಅವರ ಧರ್ಮವನ್ನು ಹಿಡಿದರು: ಕೆಲವರು ಕ್ರೈಸ್ತರು, ಕೆಲವರು ಮುಸಲ್ಮಾನರು, ಅಂಕೋಲೆ ಯಲ್ಲಾಪುರಗಳ ಕಡೆಯವರು ಹಿಂದೂಗಳು. ಆದರೂ ಮನೆಯ ಮೂಲೆಯಲ್ಲಿ ತೆಂಗಿನಕಾಯಿ ಇಟ್ಟು 'ಹಿರಿಯರು' ಎಂದು ಕೈಮುಗಿಯುವ ಪದ್ಧತಿ ಅವರಲ್ಲಿ ಮತದ ಎಲ್ಲೆಯನ್ನು ಮೀರಿ ಕಾಣುತ್ತದೆ. ಸರಕಾರ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಹುಡುಗನ ಪ್ರಶ್ನೆಗೆ ಉತ್ತರ ಇದೇ ಇರಬೇಕು: ಪಂಕ್ತಿಯಿಲ್ಲದವರು ಕಾಡಿಗೆ ಹೋದರು, ಕಾಯುತ್ತ ಕುಳಿತರು.

ಕಾಡೆಂದಾಗ ಮುಂಡಗೋಡದ ನೆನಪಾಗುತ್ತದೆ. ಏಕೆಂದರೆ ಇದೇ ಜಿಲ್ಲೆಯ ಕಾಡಿನಂಚಿನಲ್ಲಿಯೇ ನಮ್ಮ ಕಾಲದ ದೊಡ್ಡ ಆಶ್ರಯವೂ ನಡೆದದ್ದು. ಅಂಕೋಲೆಯಿಂದ ಅರಬೈಲ ಘಟ್ಟವನ್ನು ಏರಿ, ಯಲ್ಲಾಪುರದಲ್ಲಿ ಚಹಾ ಕುಡಿದು, ಬಸ್ಸಿನಲ್ಲಿ ಮುಂದುವರಿದರೆ ಅಡಿಕೆಯ ತಂಪು ಹಿಂದೆ ಸರಿದು ಜೋಳ ಭತ್ತದ ಬಯಲು ತೆರೆದುಕೊಳ್ಳುತ್ತದೆ. ಆ ಬಯಲಿನಲ್ಲಿ ಒಮ್ಮೆಲೇ ಚಿನ್ನದ ಬಣ್ಣದ ಮಾಡುಗಳು, ಗಾಳಿಗೆ ಪಟಪಟಿಸುವ ಐದು ಬಣ್ಣದ ಪ್ರಾರ್ಥನೆಯ ಪತಾಕೆಗಳು! ವಿದ್ಯಾರ್ಥಿಗಳನ್ನು ಕರೆದುಕೊಂಡು ನಾನು ಅಲ್ಲಿಗೆ ಹೋದಾಗ ಹುಡುಗರೆಲ್ಲ ಕಿಟಕಿಗೆ ಮುತ್ತಿದರು.

1959ರ ಮಾರ್ಚಿಯಲ್ಲಿ ದಲಾಯಿ ಲಾಮಾ ಲ್ಹಾಸಾ ಬಿಟ್ಟು ಭಾರತಕ್ಕೆ ಬಂದರು. ಹಿಂದೆಯೇ ಸುಮಾರು 80,000 ಜನ ಬಂದರು. ಮುಂಡಗೋಡದ ವಸಾಹತು ಸ್ಥಾಪನೆಯಾದದ್ದು 1966ರಲ್ಲಿ. ಆಗ ಮೈಸೂರು ರಾಜ್ಯದ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪನವರು. ಸುಮಾರು 4,000 ಎಕರೆ ಕಾಡುನೆಲವನ್ನು ಬಂದವರು ಕಡಿದು ಹಸನು ಮಾಡಿ ಹೊಲ ಮಾಡಿಕೊಂಡರು. ಹಿಮದ ನಾಡಿನವರಿಗೆ ನಮ್ಮ ಏಪ್ರಿಲ್ ತಿಂಗಳು ಹೇಗೆ ಕಂಡಿರಬಹುದೆಂದು ವಾಚಕರೇ ಊಹಿಸಬೇಕು.

ಭಿಕ್ಷುಗಳ ಪಾಡು ಇನ್ನೂ ಕಠಿಣವಾಗಿತ್ತು. ಡ್ರೆಪುಂಗ್, ಗಾನ್ದೆನ್, ಸೆರಾ ಎಂಬ ಮೂರು ಮಹಾವಿಹಾರಗಳಿಂದ ತಪ್ಪಿಸಿಕೊಂಡು ಬಂದ ಸುಮಾರು 1,500 ಮಂದಿಯನ್ನು ಬಂಗಾಳದ ಬಕ್ಸಾ ಕೋಟೆಯಲ್ಲಿ ಇರಿಸಲಾಗಿತ್ತು. ಆಂಗ್ಲರು ನಮ್ಮ ಸ್ವಾತಂತ್ರ್ಯಯೋಧರನ್ನು ಕೂಡಿಹಾಕಿದ್ದ ಬಂದೀಖಾನೆ ಅದು. ಕ್ಷಯ ಅನೇಕರನ್ನು ಅಲ್ಲಿ ಕೊಂಡೊಯ್ಯಿತು. ಉಳಿದವರು ಹತ್ತು ವರ್ಷ ಅಲ್ಲೇ ಪಾಠ ಪ್ರವಚನ ನಿಲ್ಲಿಸದೆ ನಡೆಸಿ, 1969ರ ಸುಮಾರಿಗೆ ದಕ್ಷಿಣಕ್ಕೆ ಬಂದರು. ಸೆರಾದವರು ಬೈಲಕುಪ್ಪೆಗೆ, ಡ್ರೆಪುಂಗ್ ಗಾನ್ದೆನ್‌ಗಳವರು ಮುಂಡಗೋಡಕ್ಕೆ. 1416ರಲ್ಲಿ ಲ್ಹಾಸಾದ ಬಳಿ ಹುಟ್ಟಿದ ವಿಹಾರ ಉತ್ತರ ಕನ್ನಡದಲ್ಲಿ ಮತ್ತೆ ಹುಟ್ಟಿತು. ಡ್ರೆಪುಂಗ್ ಎಂದರೆ ಅಕ್ಕಿಯ ರಾಶಿ. ನಮ್ಮ ಆಂಧ್ರದ ಧಾನ್ಯಕಟಕದ ನೆನಪಿನಲ್ಲಿ ಇಟ್ಟ ಹೆಸರಂತೆ. ದಕ್ಷಿಣದಿಂದ ಹೋದ ಹೆಸರು ಐದೂವರೆ ನೂರು ವರ್ಷಗಳ ಮೇಲೆ ದಕ್ಷಿಣಕ್ಕೇ ಮರಳಿತು.

ವಿಹಾರದ ಅಂಗಳದಲ್ಲಿ ತರ್ಕ ನಡೆಯುತ್ತಿತ್ತು. ಒಬ್ಬ ಕುಳಿತು ಉತ್ತರಿಸುತ್ತಾನೆ, ಇನ್ನೊಬ್ಬ ನಿಂತು ಪ್ರಶ್ನೆ ಹಾಕಿ ಅಂಗೈಗೆ ಅಂಗೈ ಹೊಡೆದು ಚಪ್ಪಾಳೆಯಿಂದ ಅದನ್ನು ಮುಗಿಸುತ್ತಾನೆ. ನಮ್ಮ ಹುಡುಗರು ಜಗಳವೆಂದೇ ತಿಳಿದು ಹಿಂದೆ ಸರಿದರು. ಬಿಸಿಲಿನಲ್ಲಿ ಜಪಮಣಿ ಎಣಿಸುತ್ತ ಕುಳಿತಿದ್ದ ವೃದ್ಧ ಭಿಕ್ಷುವೊಬ್ಬರಿಗೆ ಕನ್ನಡ ಬರುತ್ತಿತ್ತು. ಸಂತೆಯ ಕನ್ನಡ, ಆದರೆ ನಿರರ್ಗಳ. ಮೊದಲ ವರ್ಷಗಳಲ್ಲಿ ಹೊಲ ಉಳುತ್ತಿದ್ದವರು ಭಿಕ್ಷುಗಳೇ ಎಂದರು. "ಹಗಲು ಮೆಕ್ಕೆಜೋಳ, ರಾತ್ರಿ ಶಾಸ್ತ್ರ." ಪಕ್ಕದ ಹಳ್ಳಿಯವರು ಮೊದಲು ದೂರದಿಂದ ನೋಡುತ್ತಿದ್ದರಂತೆ, ಆಮೇಲೆ ಎತ್ತಿನ ಗಳೆ ಹೂಡುವುದನ್ನು ಕಲಿಸಿದರಂತೆ. ನಾನು ಕನ್ನಡದ ಮೇಷ್ಟ್ರೆಂದು ತಿಳಿದು ಅವರೊಂದು ಮಾತು ಕೇಳಿದರು: ಕಾಗದಪತ್ರಗಳಲ್ಲಿ ತಮ್ಮನ್ನು 'ನಿರಾಶ್ರಿತ' ಎಂದು ಬರೆಯುತ್ತಾರಲ್ಲ, ಅದರ ಅರ್ಥವೇನು?

ಆಶ್ರಯವಿಲ್ಲದವನು ಎಂದೆ. ಅವರು ನಕ್ಕರು. "ಹಾಗಾದರೆ ತಪ್ಪು. ನಾವು ಬೆಳಿಗ್ಗೆ ಎದ್ದು ಮೊದಲು ಹೇಳುವ ಮಾತೇ ಶರಣು ಹೋಗುತ್ತೇವೆ ಎಂದು. ಆಶ್ರಯ ಇದೆ. ಊರು ಇಲ್ಲ."

ನನ್ನ ಎಂ.ಎ. ಪದವಿಯಲ್ಲಿ ಇದಕ್ಕೆ ಪ್ರತ್ಯುತ್ತರವಿರಲಿಲ್ಲ. ಹನ್ನೆರಡನೆಯ ಶತಮಾನದ 'ಶರಣ' ಎಂಬ ಮಾತನ್ನು ವರ್ಷ ವರ್ಷವೂ ತರಗತಿಯಲ್ಲಿ ಬಿಡಿಸಿ ಹೇಳುವವನು ನಾನು. ಹಿಂದಿಯವರ 'ಶರಣಾರ್ಥಿ' ಅದರ ನಂಟನೆಂದು ಅಂದಿನವರೆಗೆ ನನಗೆ ಹೊಳೆದಿರಲಿಲ್ಲ.

ಅಲ್ಲಿ ಎಲ್ಲವೂ ಸುಖವೆಂದು ಹೇಳಿದರೆ ಸುಳ್ಳಾದೀತು. ನಿರಾಶ್ರಿತರ ಬಗೆಗಿನ 1951ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ. ಟಿಬೆಟಿಯನ್ನರು ನೋಂದಣಿ ಪತ್ರವನ್ನು ಆಗಾಗ ನವೀಕರಿಸಿಕೊಳ್ಳುತ್ತ ಇರಬೇಕು. ಚಳಿಗಾಲದಲ್ಲಿ ಊರೂರು ತಿರುಗಿ ಸ್ವೆಟರು ಮಾರುವುದೇ ಅನೇಕ ಕುಟುಂಬಗಳಿಗೆ ಆಧಾರ. 2008ರ ಮೇಲೆ ಟಿಬೆಟಿನಿಂದ ಹೊಸದಾಗಿ ಬರುವವರು ತೀರ ಕಡಿಮೆಯಾದರು; ತರುಣರು ಪರದೇಶಗಳಿಗೆ ಹೊರಟುಹೋಗುತ್ತಿದ್ದಾರೆ. ವಿಹಾರ ಮಾತ್ರ ತುಂಬಿದೆ. ಅಂಕೋಲೆಯಲ್ಲಿ ಮಹಾಮಾಯೆಯ ಗುಡಿ ಮಾಡುವ ಕೆಲಸವನ್ನೇ ಮುಂಡಗೋಡದಲ್ಲಿ ಈ ವಿಹಾರಗಳು ಮಾಡುತ್ತಿವೆ: ಪಾಠಶಾಲೆ, ಔಷಧಾಲಯ, ವೃದ್ಧರಿಗೊಂದು ಮೂಲೆ, ಮತ್ತು ಚದುರಿದವರು ತಿರುಗಿ ಬಂದು ಇಳಿಯಲು ಒಂದು ಬಾಗಿಲು.

ಘಟ್ಟವನ್ನು ಇಳಿದು ಊರಿಗೆ ಬಂದ ಮರುದಿನ ಸಂಜೆ ಮತ್ತೆ ಕೇಣಿಗೆ ಹೋದೆ. ದಂಡೆಯಲ್ಲಿ ಮಾತು ಬೇರೆಯೇ ಆಗಿತ್ತು. ಇಲ್ಲಿ ದೊಡ್ಡ ವಾಣಿಜ್ಯ ಬಂದರೊಂದನ್ನು ಕಟ್ಟುವ ಕೆಲಸ 2023ರಲ್ಲಿ ಖಾಸಗಿ ಕಂಪನಿಯೊಂದಕ್ಕೆ ದೊರೆತ ಮೇಲೆ ಮೀನುಗಾರರ ಎದೆಯಲ್ಲಿ ಅಳುಕು ಹುಟ್ಟಿದೆ; 2024, 2025ರಲ್ಲಿ ಅವರು ಹೆಂಗಸರು ಮಕ್ಕಳೊಡನೆ ಪ್ರತಿಭಟನೆಗೆ ಇಳಿದರು. ಅಭಿವೃದ್ಧಿಯ ಲೆಕ್ಕವನ್ನು ಬಲ್ಲವರು ಹೇಳಲಿ. ನನಗೆ ಗೊತ್ತಿರುವುದು ಪಕ್ಕದ ಉದಾಹರಣೆ. 1986ರಲ್ಲಿ ಅರಗದಲ್ಲಿ ಶಿಲಾನ್ಯಾಸವಾದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ ಅಂಕೋಲೆಗಳ 13 ಹಳ್ಳಿಗಳು ಎದ್ದವು. ತೋಡೂರು, ಮುದಗಾ, ಹಾರವಾಡಗಳ ಪುನರ್ವಸತಿ ಕೇಂದ್ರಗಳಿಗೆ ಜನ ಹೋದರು. ಅವರನ್ನು ನಿರಾಶ್ರಿತರೆಂದೇ ಇಲ್ಲಿನವರು ಕರೆದರು. ದೇಶದ ಗಡಿ ದಾಟಿದವರಲ್ಲ, ಹೆದ್ದಾರಿ ದಾಟಿದವರು. ಅಂಜದೀವವೂ ಅದೇ ನೌಕಾನೆಲೆಗೆ ಸೇರಿತು. 1961ರ ಡಿಸೆಂಬರಿನಲ್ಲಿ ಅದನ್ನು ಪೋರ್ತುಗೀಜರಿಂದ ಬಿಡಿಸುವಾಗ ನಮ್ಮ ಏಳು ನಾವಿಕರು ಅಲ್ಲಿ ಮಡಿದರು. ಈಗ ಭದ್ರತೆಯ ಕಾರಣ ಇಗರ್ಜಿಯ ಹಬ್ಬಕ್ಕೆ ಹಿಂದಿನಂತೆ ದೋಣಿಗಳು ಹೋಗುವಂತಿಲ್ಲ. ದೇವಿಯಾದಳು, ಈಗ ಮಾತೆಯ ಸರದಿ.

ಅಜ್ಜಿ ಜಗಲಿಯಲ್ಲಿಯೇ ಇದ್ದರು. ಬಲೆ ತುಂಬ ಬಂದಿರಲಿಲ್ಲ. ಬುಟ್ಟಿ ಅರ್ಧ ಖಾಲಿ. ಮುಂಡಗೋಡದ ಸುದ್ದಿಯನ್ನೆಲ್ಲ ಹೇಳಿದೆ. ಹಿಮ ದಾಟಿ ಬಂದವರು ದೇವರನ್ನು ಹೇಗೆ ತಂದರೆಂದು ಅವರು ವಿವರವಾಗಿ ವಿಚಾರಿಸಿದರು. ಕೆಲವು ವಿಗ್ರಹಗಳನ್ನೂ ಪೋಥಿಗಳನ್ನೂ ಬೆನ್ನ ಮೇಲೆ ಹೊತ್ತು ತಂದರು, ಉಳಿದದ್ದು ತಲೆಯೊಳಗೆ ಇತ್ತು ಎಂದೆ. ಅವರು ತುಸು ಹೊತ್ತು ಸುಮ್ಮನಿದ್ದರು. ಮನೆಯ ಹಿತ್ತಿಲಲ್ಲಿ ತೆಂಗಿನ ಬುಡಕ್ಕೆ ಕುಂಕುಮ ಹಚ್ಚಿದ ಕಲ್ಲೊಂದಿದೆ. ಮೊದಲ ಮೀನಿನ ಹಣದಲ್ಲಿ ಅದಕ್ಕೊಂದು ಹಣ್ಣುಕಾಯಿ ಸಲ್ಲಬೇಕು. ಆ ಕಡೆಗೆ ಬೆರಳು ಮಾಡಿ, "ಇದು ನೆಲದೊಳಗೆ ಎಷ್ಟು ಆಳಕ್ಕೆ ಇದೆಯೋ ಯಾರೂ ಅಗೆದು ನೋಡಿಲ್ಲ ಮಾಸ್ತರೇ" ಎಂದರು. ಮೊಮ್ಮಗ ಒಳಗಿನಿಂದ ಲಾಂದ್ರವಲ್ಲ, ಮೊಬೈಲಿನ ಬೆಳಕನ್ನು ತಂದು ಹಿಡಿದ. ಅಜ್ಜಿ ಬುಟ್ಟಿಯನ್ನು ಎತ್ತಿಕೊಂಡು, ನಾಳೆ ಪೇಟೆಗೆ ಬೇಗ ಹೋಗಬೇಕೆಂದು ಒಳಗೆ ನಡೆದರು.